ಜೀಪಿಗೆ ಹೈಹೀಲ್ಡ್ ಚಪ್ಪಲಿ ಯಾಕ್ರೀ?

ಹೋದ ಭಾನುವಾರ ಬೆಳಿಗ್ಗೆ ಹಿಂಜೆವಾಡಿಯಿಂದ ಒಬ್ಬ ಹುಡುಗ ಫೋನ್ ಮಾಡಿದ್ದ. ಅರಸೀಕೆರೆ ಕಡೆಯವನು, ಸಾಫ್ಟ್‌ವೇರ್ ಕೆಲಸ, ಪುಣೆಗೆ ಬಂದು ನಾಲ್ಕು ವರ್ಷವಂತೆ. "ಸಾರ್, ಒಂದು ಹಳೇ ಮಹೀಂದ್ರ ಎಂಎಂ 540 ತಗೊಂಡೆ. ಫೋರ್ ವೀಲ್ ಡ್ರೈವ್. ಹಿಂದಿನ ಹುಡ್ ತೆಗೆದು ಪಿಕಪ್ ಥರ ಮಾಡಿದ್ದಾರೆ. ನಿಮ್ಮ ಹತ್ರಾನೂ ಅಂಥದ್ದೇ ಇದೆಯಂತಲ್ಲ" ಅಂದ. ನನಗೆ ಖುಷಿಯೋ ಖುಷಿ. ಬ್ರೇಕ್ ಹೇಗಿದೆಯಪ್ಪಾ ಅಂತ ಕೇಳಿದೆ. "ಸ್ವಲ್ಪ ಎಡಕ್ಕೆ ಎಳೆಯುತ್ತೆ ಸಾರ್, ನೋಡಿಸ್ಬೇಕು." ಸ್ಟೀರಿಂಗು? "ಪ್ಲೇ ಜಾಸ್ತಿ ಇದೆ." ಮತ್ತೆ ಮೂರು ತಿಂಗಳಿಂದ ಏನು ಮಾಡಿಸಿದೆ ಅಂದೆ. "ನಾಲ್ಕು ಇಂಚು ಲಿಫ್ಟ್ ಮಾಡ್ಸಿದೀನಿ ಸಾರ್. ಈಗ ಯಾವ ಟೈರ್ ಹಾಕ್ಲಿ ಅಂತ ಕೇಳೋಕೆ ಫೋನ್ ಮಾಡಿದ್ದು."

ಫೋನಿನಲ್ಲಿ ಹೇಳಿದ್ದು ಅರ್ಧ. ಉಳಿದರ್ಧ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇದು ಅವನೊಬ್ಬನ ಕಾಯಿಲೆ ಅಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಕೈಯಲ್ಲಿ ನಾಲ್ಕು ಕಾಸು ಆದ ಕೂಡಲೇ ಒಂದು ಹಳೇ ಜೀಪು ಬೇಕು ಅನ್ನಿಸುತ್ತದೆ. ಅದು ತಪ್ಪಲ್ಲ. ಆದರೆ ಆ ಜೀಪನ್ನು ಮನೆಗೆ ತಂದು, ಅದರ ಮೈಕೈ ನೋವು ಏನು ಅಂತ ವಿಚಾರಿಸುವ ಮೊದಲೇ ಏಣಿ ಹಾಕಿ ಹತ್ತುವಷ್ಟು ಎತ್ತರ ಮಾಡುತ್ತಾರಲ್ಲ, ಅದಕ್ಕೆ 'ರಿಸ್ಟೋರೇಶನ್' ಅಂತ ಹೆಸರು ಬೇರೆ ಇಡುತ್ತಾರಲ್ಲ, ಅದು ನನ್ನ ಜಗಳ. ಹಳೇ ಜೀಪನ್ನು ಸರಿ ಮಾಡುವ ಕೆಲಸ ಶುರುವಾಗುವುದೇ ಆ ಎತ್ತರವನ್ನು ಇಳಿಸುವುದರಿಂದ. ಹೌದು, ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಹೇಳುವ ಅಧಿಕಾರವೂ ಇದೆ. ಮೊದಲು ಆ ತಪ್ಪು ಮಾಡಿದವನು ನಾನೇ!

ನನ್ನದು 1994ರ ಗಾಡಿ. ಪೂಜೋ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್, ಅರವತ್ತರ ಆಸುಪಾಸು ಕುದುರೆ ಶಕ್ತಿ. ಹದಿನೇಳು ವರ್ಷ ಸಕಲೇಶಪುರದ ಹತ್ತಿರ ನಮ್ಮ ಭಾವನ ತೋಟದಲ್ಲಿ ದುಡಿದಿತ್ತು. ಕಾಫಿ ಮೂಟೆ, ಗೊಬ್ಬರ, ಪಂಪ್‌ಸೆಟ್ಟು, ಮದುವೆ ಮನೆಯ ಪಾತ್ರೆ, ಒಮ್ಮೆ ಹೆರಿಗೆ ನೋವು ತಿನ್ನುತ್ತಿದ್ದ ಹೆಣ್ಣುಮಗಳು, ಎಲ್ಲವನ್ನೂ ಹೊತ್ತ ಗಾಡಿ. ಹಿಂದೆ ಬರೀ ತೊಟ್ಟಿ, ಮೇಲೊಂದು ಟಾರ್ಪಾಲು. 2011ರಲ್ಲಿ ಭಾವ ಅದನ್ನು ಮಾರುತ್ತೇನೆ ಅಂದಾಗ ನಾನು ತಡೆದು ಪುಣೆಗೆ ತಂದೆ. ಎನ್‌ಒಸಿ, ಇಲ್ಲಿ ಮತ್ತೆ ರೋಡ್ ಟ್ಯಾಕ್ಸು, ಆ ಕಥೆ ಬೇಡ, ನಿಮಗೆಲ್ಲ ಗೊತ್ತಿದ್ದದ್ದೇ.

ತಂದವನು ಸುಮ್ಮನಿದ್ದೆನೇ? 2012ರಲ್ಲಿ ಇಲ್ಲಿನ ಒಂದು ಅಂಗಡಿಯಲ್ಲಿ ಬಿಟ್ಟೆ. ಉದ್ದನೆಯ ಶ್ಯಾಕಲ್ ಹಾಕಿದರು, ಸ್ಪ್ರಿಂಗಿಗೆ ಎರಡೆರಡು ಪಟ್ಟಿ ಹೆಚ್ಚಿಗೆ ಸೇರಿಸಿದರು, 31 ಇಂಚಿನ ಟೈರು ತೊಡಿಸಿದರು. ಮನೆಗೆ ತಂದು ನಿಲ್ಲಿಸಿದಾಗ ಸೊಸೈಟಿಯ ಮಕ್ಕಳೆಲ್ಲ ಸುತ್ತ ನೆರೆದವು. ನಿಜ ಹೇಳಬೇಕೆಂದರೆ ನನಗೆ ಆ ದಿನ ನೆಲದ ಮೇಲೆ ಕಾಲಿರಲಿಲ್ಲ.

2013ರ ಮೇ ತಿಂಗಳು, ರಜೆಗೆ ಊರಿಗೆ ಹೊರಟಿದ್ದೆವು. ಸತಾರಾ ರಸ್ತೆಯ ಖಂಬಾಟ್ಕಿ ಘಾಟಿ ಇಳಿದು ನೇರ ರಸ್ತೆ ಸಿಕ್ಕಿತು. ಅರವತ್ತರ ಮೇಲೆ ಹೋಗುತ್ತಿದ್ದೆ. ಬಲಗಡೆ ಚಕ್ರ ಒಂದು ಸಣ್ಣ ಗುಂಡಿಗೆ ಇಳಿದು ಎದ್ದಿತು ಅಷ್ಟೇ. ಸ್ಟೀರಿಂಗ್ ನನ್ನ ಕೈಯಿಂದ ಕಿತ್ತುಕೊಂಡಂತೆ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳಲು ಶುರುವಾಯಿತು. ನಡುಕ ಅಲ್ಲ ರೀ, ಹೊಡೆತ. ಇಡೀ ಗಾಡಿ ಕುಣಿಯುತ್ತಿದೆ, ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತಿದೆ, ಹಿಂದೆ ಲಾರಿ. ಹದಿನೈದೋ ಇಪ್ಪತ್ತೋ ಸೆಕೆಂಡು ಇರಬಹುದು. ರಸ್ತೆ ಪಕ್ಕದ ಮಣ್ಣಿಗೆ ಇಳಿಸಿ ನಿಲ್ಲಿಸಿದಾಗ ಹೆಂಡತಿ ಮಾತಾಡಲಿಲ್ಲ. ಹನ್ನೊಂದು ವರ್ಷದ ಮಗಳು ಮಾತ್ರ, "ಅಪ್ಪಾ, ನಾವು ಬಸ್ಸಲ್ಲಿ ಹೋಗೋಣ" ಅಂದಳು. ಬಸ್ಸಲ್ಲೇ ಹೋದೆವು. ಮುಂದೆ ಎರಡು ವರ್ಷ ಅವಳು ಆ ಜೀಪು ಹತ್ತಲಿಲ್ಲ.

ಅಂಗಡಿಗೆ ಹೋಗಿ ಕೇಳಿದರೆ ಏನಂದರು ಗೊತ್ತೇ? "ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಸರ್, ಎಲ್ಲ ಸರಿಹೋಗುತ್ತೆ." ಅಂದರೆ ಹಲ್ಲು ಹುಳುಕಾಗಿದೆ ಅಂದರೆ ನೋವಿನ ಮಾತ್ರೆ ಕೊಟ್ಟಂತೆ. ಡ್ಯಾಂಪರ್ ಹೊಡೆತವನ್ನು ಸ್ವಲ್ಪ ದಿನ ಮುಚ್ಚಿಡುತ್ತದೆ. ಸವೆದದ್ದು ಸವೆಯುತ್ತಲೇ ಇರುತ್ತದೆ.

ಕೊನೆಗೆ ಭೋಸರಿಯಲ್ಲಿ ವಿಜಾಪುರ ಕಡೆಯ ಒಬ್ಬ ಹಿರಿಯ ಮಿಸ್ತ್ರಿ ಸಿಕ್ಕರು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ನೋಡಿ, ಬಾಯಲ್ಲಿನ ಎಲೆ ಅಡಿಕೆ ಉಗುಳಿ ಬಂದು, "ಏನ್ ಸಾಹೇಬ್ರ, ಗಾಡಿಗಿ ಹೈಹೀಲ್ಡ್ ಚಪ್ಪಲ್ ಹಾಕೀರೇನ್ರೀ?" ಅಂದರು. ಈ ಬರಹದ ತಲೆಬರಹ ಅವರದೇ. ಆಮೇಲೆ ಅವರು ತಿಳಿಸಿ ಹೇಳಿದ್ದನ್ನೂ, ನಾನು ಭಾನುವಾರಗಳಲ್ಲಿ ಗಾಡಿ ಕೆಳಗೆ ಮಲಗಿ ಕಲಿತದ್ದನ್ನೂ ಸೇರಿಸಿ ಹೇಳುತ್ತೇನೆ, ಕೇಳಿ.

ಸೈಕಲ್ಲಿನ ಮುಂದಿನ ಫೋರ್ಕ್ ನೋಡಿದ್ದೀರಲ್ಲ, ನೆಟ್ಟಗೆ ಇರುವುದಿಲ್ಲ, ಮೇಲ್ತುದಿ ಹಿಂದಕ್ಕೆ ವಾಲಿರುತ್ತದೆ. ಅದಕ್ಕೇ ಕೈ ಬಿಟ್ಟರೂ ಸೈಕಲ್ ನೇರ ಹೋಗುವುದು. ಜೀಪಿನ ಮುಂದಿನ ಆಕ್ಸಲ್ಲಿಗೂ ಇಂಥದ್ದೇ ವಾಲು ಇದೆ. ಕ್ಯಾಸ್ಟರ್ ಅನ್ನುತ್ತಾರೆ. ಇರುವುದೇ ಕೆಲವು ಡಿಗ್ರಿ. ಈ ಜೀಪಿನಲ್ಲಿ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಇರುವುದು ಸ್ಪ್ರಿಂಗಿನ ಮುಂತುದಿಗೆ. ಅಲ್ಲಿ ಉದ್ದದ ಶ್ಯಾಕಲ್ ಹಾಕಿದಿರಿ ಅಂದರೆ ಸ್ಪ್ರಿಂಗಿನ ಮೂತಿ ಕೆಳಗಾಗುತ್ತದೆ, ಆಕ್ಸಲ್ ಮುಂದಕ್ಕೆ ತಿರುಗುತ್ತದೆ, ಇದ್ದ ಅಷ್ಟಿಷ್ಟು ಕ್ಯಾಸ್ಟರೂ ಹೋಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ಕುಡಿದವನ ಹಾಗೆ ಅತ್ತಿತ್ತ ಅಲೆಯುತ್ತದೆ. ಜೊತೆಗೆ ಡ್ರ್ಯಾಗ್ ಲಿಂಕ್ ಇಳಿಜಾರಾಗುತ್ತದೆ. ಆಗ ಚಕ್ರ ಮೇಲೆ ಕೆಳಗೆ ಆದಾಗಲೆಲ್ಲ ನೀವು ತಿರುಗಿಸದೆಯೇ ಗಾಡಿ ತಿರುಗುತ್ತದೆ. ಇನ್ನು ಹಿಂದಿನ ಪ್ರೊಪೆಲ್ಲರ್ ಶಾಫ್ಟು. ಈ ಜೀಪಿನ ವೀಲ್‌ಬೇಸ್ 91 ಇಂಚು, ಶಾಫ್ಟ್ ಮೊದಲೇ ಗಿಡ್ಡ. ನಾಲ್ಕಿಂಚು ಎತ್ತಿದರೆ ಅದರ ಕೋನ ಕಡಿದಾಗಿ ಯುನಿವರ್ಸಲ್ ಜಾಯಿಂಟ್ ಗುರ್ ಅನ್ನಲು ಶುರು. ಚಕ್ರ ಪೂರ್ತಿ ಕೆಳಗೆ ಇಳಿದಾಗ ಬ್ರೇಕಿನ ರಬ್ಬರ್ ಪೈಪು ಎಳೆದು ಹಿಡಿದ ತಂತಿಯ ಹಾಗೆ ಆಗಿರುತ್ತದೆ. ಒಂದು ದಿನ ಗಾಡಿಯನ್ನು ಜಾಕ್ ಮೇಲಿಟ್ಟು ನೋಡಿ, ಎದೆ ಝಲ್ಲೆನ್ನುತ್ತದೆ.

"ಆದ್ರೆ ಸಾರ್, ಕಾಡು ರಸ್ತೇಲಿ ಕಲ್ಲು ತಗಲಬಾರದಲ್ಲ, ಎತ್ತರ ಬೇಕಲ್ಲ?" ಇದು ಅರಸೀಕೆರೆ ಹುಡುಗನ ವಾದ. ಎಲ್ಲರ ವಾದವೂ ಇದೇ. ಸ್ವಾಮಿ, ಒಂದು ಸಲ ಗಾಡಿ ಕೆಳಗೆ ಬಗ್ಗಿ ನೋಡಿ. ಕಲ್ಲಿಗೆ ಮೊದಲು ಬಡಿಯುವುದು ಆಕ್ಸಲ್ ನಡುವಿನ ಕುಂಬಳಕಾಯಿಯಂಥ ಡಿಫರೆನ್ಷಿಯಲ್. ಅದು ಸ್ಪ್ರಿಂಗಿನ ಮೇಲೆ ಕೂತಿಲ್ಲ, ಚಕ್ರದ ಜೊತೆ ಕೂತಿದೆ. ನೀವು ಸ್ಪ್ರಿಂಗಿನಲ್ಲಿ ನಾಲ್ಕಲ್ಲ, ನಲವತ್ತು ಇಂಚು ಎತ್ತರಿಸಿದರೂ ಅದು ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ! ಎತ್ತರ ಆಗುವುದು ಬಾಡಿ, ಚಾಸಿಸ್ಸು ಮತ್ತು ನಿಮ್ಮ ಮೂಗು. ಡಿಫರೆನ್ಷಿಯಲ್ ಎತ್ತಬೇಕಾದರೆ ಟೈರೇ ದೊಡ್ಡದಾಗಬೇಕು. ಕಂಪನಿ ಕೊಟ್ಟ 6.00-16 ಟೈರಿನ ವ್ಯಾಸ 28-29 ಇಂಚು. 31 ಹಾಕಿದರೆ ಸಿಗುವ ಲಾಭ ಒಂದಿಂಚು, ಮೇಲೆ ಚೂರುಪಾರು. ಅದಕ್ಕೆ ತೆರುವ ಬೆಲೆ? ಮೀಟರು 60 ತೋರಿಸುವಾಗ ಗಾಡಿ 65ರಲ್ಲಿ ಓಡುತ್ತಿರುತ್ತದೆ. ಅದೇ ಹಳೇ ಡ್ರಮ್ ಬ್ರೇಕು ಇನ್ನೂ ದೊಡ್ಡ, ಇನ್ನೂ ಭಾರದ ಚಕ್ರವನ್ನು ನಿಲ್ಲಿಸಬೇಕು. ಎಂಜಿನ್ ಏದುಸಿರು ಬಿಡುತ್ತದೆ.

ನನ್ನ ಗಾಡಿ ಏದುಸಿರು ಬಿಟ್ಟಾಗ ಅದೇ ಅಂಗಡಿಯವರು ಮಾಡಿದ್ದು ಏನೆಂದರೆ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಗೆ ಬಿಟ್ಟದ್ದು. ಇದಕ್ಕೆ ಅವರಿಟ್ಟ ಹೆಸರು 'ಟ್ಯೂನಿಂಗ್'. ಹಿಂದೆ ಕಪ್ಪು ಹೊಗೆ, ಮುಂದೆ ಬಿಸಿಯಾದ ರೇಡಿಯೇಟರ್. ಒಂದು ಸುಳ್ಳಿಗೆ ಹತ್ತು ಸುಳ್ಳು ಅಂತಾರಲ್ಲ, ಹಾಗೆ. ಇನ್ನು ಹೆಚ್ಚುವರಿ ಪಟ್ಟಿಗಳಿಂದ ಸ್ಪ್ರಿಂಗು ಮರದ ಹಲಗೆಯಂತಾಗಿತ್ತು. ಹಳ್ಳದಲ್ಲಿ ಒಂದು ಚಕ್ರ ಇಳಿಯಬೇಕಾದ ಕಡೆ ಇಳಿಯದೆ ಗಾಳಿಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನಿಂತ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ, ನೆಲದ ಮೇಲಿರುವ ಚಕ್ರಕ್ಕೆ ಬಲ ಹೋಗುವುದಿಲ್ಲ. ಕಾಡಿಗಾಗಿ ಎತ್ತರ ಮಾಡಿಸಿ ಕಾಡಿನಲ್ಲೇ ಸಿಕ್ಕಿಕೊಳ್ಳುವುದು ಅಂದರೆ ಇದೇ.

ಸರಿ, ಇಳಿಸಿದೆ. ಸೊಸೈಟಿ ಪಾರ್ಕಿಂಗಿನಲ್ಲಿ, ಕೆಳಗೆ ರಟ್ಟು ಹಾಸಿ (ಎಣ್ಣೆ ಕಲೆಗೆ ಸೆಕ್ರೆಟರಿ ಕಾಕಾ ನೋಟಿಸ್ ಕೊಟ್ಟಿದ್ದರು), ಸುಮಾರು ಎಂಟು ತಿಂಗಳ ಭಾನುವಾರಗಳು. ಹಳೇ ಶ್ಯಾಕಲ್ಲುಗಳು ಪುಣ್ಯಕ್ಕೆ ಅಟ್ಟದ ಮೇಲಿದ್ದವು. ಸ್ಪ್ರಿಂಗುಗಳನ್ನು, ಇಲ್ಲಿಯವರು ಪಾಟಾ ಅನ್ನುತ್ತಾರೆ, ಬಿಚ್ಚಿ ಪಾಟಾ ಕೆಲಸದವರಲ್ಲಿಗೆ ಒಯ್ದು ಹೆಚ್ಚುವರಿ ಪಟ್ಟಿ ತೆಗೆಸಿ, ಜೋತುಬಿದ್ದ ಬಾಗು ಮತ್ತೆ ಕೊಡಿಸಿದೆ. ಹದಿನೇಳು ವರ್ಷ ಮೂಟೆ ಹೊತ್ತು ಕಳೆದುಕೊಂಡಿದ್ದ ತನ್ನದೇ ಎತ್ತರ ಅದಕ್ಕೆ ವಾಪಸ್ ಬಂತು. ಅಷ್ಟೇ ಸಾಕಾಗಿತ್ತು ನೋಡಿ!

ನಿಜವಾದ ಕಳ್ಳ ಸಿಕ್ಕಿದ್ದು ಮುಂದಿನ ಕಿಂಗ್ ಪಿನ್ನಿನಲ್ಲಿ. ಬೇರಿಂಗ್ ಕಪ್ಪಿನಲ್ಲಿ ರೋಲರುಗಳ ಅಚ್ಚು ಒತ್ತಿದಂತೆ ಗೆರೆ ಬಿದ್ದಿದ್ದವು. ನಾನಾ ಪೇಟೆಯಲ್ಲಿ ಹೊಸ ಬೇರಿಂಗ್, ಟೈ ರಾಡ್ ಎಂಡ್, ಸ್ಪ್ರಿಂಗ್ ಬುಶ್, ಯು ಬೋಲ್ಟು ಎಲ್ಲ ಸಿಕ್ಕವು. ಈ ಬೇರಿಂಗನ್ನು ಬಿಗಿ ಮಾಡುವುದು ಕಾಗದದಂಥ ತೆಳು ತಗಡಿನ ಶಿಮ್ ತೆಗೆದು ಹಾಕಿ. ಟೈ ರಾಡ್ ಬಿಚ್ಚಿ, ಸೀಲು ತೆಗೆದು, ಟೈ ರಾಡ್ ಕೂರುವ ತೂತಿಗೆ ಹುಕ್ಕಿನ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. ಎಷ್ಟು ತೂಕಕ್ಕೆ ಅದು ತಿರುಗಬೇಕು ಅಂತ ವರ್ಕ್‌ಶಾಪ್ ಪುಸ್ತಕದಲ್ಲಿದೆ. ಸಡಿಲವಾದರೆ ಹೊಡೆದುಕೊಳ್ಳುತ್ತದೆ, ಬಿಗಿಯಾದರೆ ಸ್ಟೀರಿಂಗ್ ವಾಪಸ್ ಬರುವುದಿಲ್ಲ. ಇದನ್ನು ಕೈ ಅಳತೆಯಲ್ಲಿ "ಬರಾಬರ್ ಆಹೆ" ಅಂದುಬಿಡುವವರೇ ಹೆಚ್ಚು. ನನಗೆ ಒಂದು ಬದಿಗೆ ಮೂರು ಭಾನುವಾರ ಹಿಡಿಯಿತು. ಟೋ-ಇನ್ ನೋಡಿದ್ದು ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಟೇಪಿನಲ್ಲಿ, ಮುಂದೊಮ್ಮೆ ಹಿಂದೊಮ್ಮೆ ಅಳೆದು. ಬ್ರೇಕ್ ಎಡಕ್ಕೆ ಎಳೆಯುತ್ತಿದ್ದದ್ದು ಬಲಗಡೆ ವೀಲ್ ಸಿಲಿಂಡರ್ ಜಾಮ್ ಆಗಿದ್ದಕ್ಕೆ. ಪಂಪು ಮಾತ್ರ ಮನೆಯಲ್ಲಿ ಆಗುವ ಕೆಲಸವಲ್ಲ, ಕ್ಯಾಲಿಬ್ರೇಶನ್ ಬೆಂಚಿಗೇ ಕೊಟ್ಟೆ. ನಾಝಲ್ ಬದಲಿಸುವಾಗ ಹಳೆಯದರ ಮೇಲೆ 'ಮೈಕೋ' ಅಂತ ಇತ್ತು. ಕಂಪನಿಯ ಹೆಸರು 2008ರಲ್ಲೇ ಬಾಷ್ ಆಯಿತು, ಆದರೂ ಬೆಂಗಳೂರಿನ ಆಡುಗೋಡಿ ನೆನಪಾಗಿ ಅದನ್ನು ಎಸೆಯಲು ಮನಸ್ಸು ಬರಲಿಲ್ಲ, ಪೆನ್ನಿನ ಡಬ್ಬಿಯಲ್ಲಿದೆ :-)

ಕಲ್ಲುಬಂಡೆ ಹತ್ತುವ ಸ್ಪರ್ಧೆಗೆ ಹೋಗುವವರು, ಆಕ್ಸಲ್ಲು ಸ್ಟೀರಿಂಗು ಶಾಫ್ಟು ಬ್ರೇಕು ಎಲ್ಲವನ್ನೂ ಲೆಕ್ಕ ಹಾಕಿ ಬದಲಿಸಿ ಟ್ರೇಲರಿನಲ್ಲಿ ಸಾಗಿಸುವವರು, ಅವರ ವಿಷಯ ಬೇರೆ. ಅವರ ಜೊತೆ ನನಗೆ ಜಗಳವಿಲ್ಲ. ಆದರೆ ಅದೇ ಗಾಡಿಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೈವೇಗೆ ಬರುವವನು ಇತರರ ಮಕ್ಕಳ ಎದುರಿಗೂ ಬರುತ್ತಾನೆ. ಕಾನೂನೂ ಇದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣದಲ್ಲಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಅಂತ ಹೇಳಿತು. ಮೇಲಾಗಿ 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರು ಜೀಪುಗಳ ಮರುನೋಂದಣಿ ಶುಲ್ಕವನ್ನು 10,000 ರೂಪಾಯಿಗೆ ಏರಿಸಿದರು. 2022ರ ಏಪ್ರಿಲಿಗೆ ಮುಂಚೆ ಅದು ಬರೀ 600 ಇತ್ತು. ಅಷ್ಟು ದುಡ್ಡು ಕಟ್ಟಿ, ಇನ್‌ಸ್ಪೆಕ್ಟರ್ ಮುಂದೆ ಹೈಹೀಲ್ಡ್ ಹಾಕಿದ ಗಾಡಿ ನಿಲ್ಲಿಸಿ ಯಾಕೆ ಹಲ್ಲು ಗಿಂಜಬೇಕು?

2015ರ ಜುಲೈನಲ್ಲಿ, ಇಳಿಸಿದ ಗಾಡಿಯನ್ನು ಊರಿಗೆ ಒಯ್ದೆ. ಮಗಳು ಬಂದಳು, ಹಿಂದಿನ ತೊಟ್ಟಿಗೆ ಹತ್ತದೆ ಮುಂದೆ ಕೂತು ನನ್ನ ಕೈಗಳನ್ನೇ ನೋಡುತ್ತ. ಸಕಲೇಶಪುರದ ಮಳೆ ಗೊತ್ತಲ್ಲ. ತೋಟದ ಏರು, ಕೆಮ್ಮಣ್ಣು, ಬೆಣ್ಣೆ ಸವರಿದ ಹಾಗೆ. ಭಾವ ನನ್ನನ್ನು ಪಕ್ಕಕ್ಕೆ ಸರಿಸಿ ಸ್ಟೀರಿಂಗ್ ಹಿಡಿದರು. ಟೈರಿಗೆ ಚೈನ್ ಸುತ್ತಿದರು, ಲೋ ಹಾಕಿದರು. ಅಲ್ಲಿ ಚಕ್ರದ ಬಲ ಸುಮಾರು ಎರಡೂವರೆ ಪಟ್ಟು ಆಗುತ್ತದೆ. ಆಕ್ಸಲರೇಟರಿನ ಮೇಲೆ ಕಾಲು ಇಟ್ಟರೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಗಾಡಿ ಹತ್ತಿತು. "ಭಾವ, ಇಷ್ಟು ವರ್ಷ ನಿಮಗೆ ಇದನ್ನ ಎತ್ತರ ಮಾಡ್ಬೇಕು ಅಂತ ಅನ್ನಿಸಲೇ ಇಲ್ವಾ?" ಅಂದೆ. "ಮೂಟೆ ಎತ್ತಿ ಹಾಕೋದು ಯಾರು, ನಿಮ್ಮಪ್ಪನಾ?" ಅಂದರು.

ಹೋದ ದೀಪಾವಳಿಗೆ ಮಗಳೇ ಓಡಿಸಿಕೊಂಡು ಖಂಬಾಟ್ಕಿ ದಾಟಿದಳು. ನಾನು ಪಕ್ಕದಲ್ಲಿ ಡ್ಯಾಶ್‌ಬೋರ್ಡಿನ ಕಂಬಿ ಹಿಡಿದು ಕೂತಿದ್ದೆ, ಹೆಂಡತಿ ಹಿಂದಿನಿಂದ ನಗುತ್ತಿದ್ದಳು.

ಅರಸೀಕೆರೆ ಹುಡುಗ ಈ ಭಾನುವಾರ ಗಾಡಿ ತಗೊಂಡು ಬರ್ತೀನಿ ಅಂದಿದ್ದಾನೆ. ಟೈರಿನ ವಿಷಯ ಆಮೇಲೆ, ಬರುವಾಗ ಒಂದು ಹುಕ್ಕಿನ ತಕ್ಕಡಿ ತಗೊಂಡು ಬಾ, ನಲವತ್ತರ ಮೇಲೆ ಓಡಿಸಬೇಡ ಅಂತ ಹೇಳಿದ್ದೇನೆ.