ಒಕ್ಕಲು ಮನೆಗೆ ಮೊಬೈಲಿನ ವಿದ್ಯೆ: ವಿದ್ಯಾಲಯಗಳೂ ಉದ್ಯಮಿಗಳೂ ಕೂಡಿ ಮಾಡತಕ್ಕ ಕೆಲಸ

ಭೂಮಿಯನ್ನು ಎಷ್ಟೇ ಚೆನ್ನಾಗಿ ಹದಗೊಳಿಸಿ ಬೆಳೆದರೂ, ಬೆಳೆದುದರ ದಾಖಲೆ ಸರಿಯಾಗಿರದಿದ್ದರೆ ರೈತನ ದುಡಿಮೆಯ ಒಂದಂಶ ವ್ಯರ್ಥವಾಗುವದೆಂಬುದು ಗ್ರಾಮಪ್ರಮುಖರಿಗೆ ವಿದಿತವೇ ಇದೆ. ಹಿಂದೆ ಈ ದಾಖಲೆಯು ಚಾವಡಿಯ ದಫ್ತರದಲ್ಲಿರುತ್ತಿತ್ತು. 2000ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. 2020ರ ಮುಂಗಾರಿನಿಂದ ರೈತನೇ ಹೊಲದಲ್ಲಿ ನಿಂತು ಬೆಳೆಯ ಚಿತ್ರವನ್ನು ಮೊಬೈಲಿನಿಂದ ಕಳುಹಿಸುವ ಸಮೀಕ್ಷೆಯೂ ಬಂದಿತು. ಹೀಗೆ ದಫ್ತರವು ಚಾವಡಿಯಿಂದ ತಾಲೂಕಿಗೂ, ತಾಲೂಕಿನಿಂದ ರೈತನ ಅಂಗೈಗೂ ಬಂದು ಸೇರಿದೆ. ಆದರೆ ಅದನ್ನು ನಡೆಸುವ ವಿದ್ಯೆಯು ಅದರ ಸಂಗಡ ಬಂದಿಲ್ಲ.

ಅಫಜಲಪುರ ತಾಲೂಕಿನ ಕರಜಗಿ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಈ ಕೊರತೆಯು ಸಣ್ಣದಲ್ಲ. ತೊಗರಿಯೇ ಈ ಸೀಮೆಯ ಮುಖ್ಯ ಬೆಳೆ. 2025–26ನೆಯ ಸಾಲಿಗೆ ಸರಕಾರವು ತೊಗರಿಗೆ ಕ್ವಿಂಟಲಿಗೆ 8,000 ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಮಾಡಿತು. ಹೊಲದಲ್ಲಿ ತೊಗರಿಯಿದ್ದು ಸಮೀಕ್ಷೆಯಲ್ಲಿ ಬೇರೆ ಬೆಳೆ ಬರೆದುಹೋಗಿದ್ದರೆ, ಖರೀದಿ ಕೇಂದ್ರದಲ್ಲಿ ಆ ರೈತನಿಗೆ ತೊಡಕು ತಪ್ಪದು. ಬೆಳೆ ವಿಮೆಯ ಸಂಗತಿಯೂ ಇಂಥದೇ. ಆನೆಕಲ್ಲು ಬಿದ್ದು ಅಥವಾ ಹೊಲದಲ್ಲಿ ನೀರು ನಿಂತು ಬೆಳೆ ಕೆಟ್ಟರೆ, ವಿಮೆ ಮಾಡಿಸಿದ ರೈತನು 72 ಗಂಟೆಗಳೊಳಗಾಗಿ ತಿಳಿಸತಕ್ಕದ್ದು. ಮೊಬೈಲಿನಲ್ಲಿ ತಿಳಿಸಬಹುದು; 14447ನೆಯ ಸಂಖ್ಯೆಗೆ ದೂರವಾಣಿ ಮಾಡಲೂಬಹುದು. 2020ರ ಅಕ್ಟೋಬರದಲ್ಲಿ ಭೀಮಾ ನದಿಗೆ ಮಹಾಪೂರ ಬಂದು ಈ ಸೀಮೆಯ ಹೊಲಗಳೂ ಊರುಗಳೂ ಜಲಾವೃತವಾದುದನ್ನು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಮೂರು ದಿನಗಳೆಂದರೆ ದನಕರುಗಳನ್ನು ಎತ್ತರಕ್ಕೆ ಸಾಗಿಸುವದರಲ್ಲಿಯೇ ಮುಗಿದುಹೋಗುವವು. ಕಲಿಯುವ ಕಾಲವು ಅದಲ್ಲ. ಅದಕ್ಕೆ ಮೊದಲೇ ಕಲಿತಿರಬೇಕು.

ಕೇಂದ್ರ ಸರಕಾರವು ಈ ಕೊರತೆಯನ್ನು ಕಾಣದೆ ಇರಲಿಲ್ಲ. 2017ರಿಂದ 2024ರ ಮಾರ್ಚಿಯವರೆಗೆ ನಡೆದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನದಲ್ಲಿ 20 ಗಂಟೆಗಳ ಪಾಠವಿತ್ತು; ದೇಶದ 6 ಕೋಟಿಗೂ ಮಿಕ್ಕಿ ಜನರಿಗೆ ಶಿಕ್ಷಣ ದೊರೆಯಿತು. ಆದರೆ ಅದರ ನಿಯಮವು ಮನೆಗೆ ಒಬ್ಬರಂತೆ ಇತ್ತು. ಆ ಒಬ್ಬನು ಶಾಲೆ ಕಲಿತ ಮಗನಾಗಿದ್ದು, ಕೆಲಸಕ್ಕಾಗಿ ಪುಣೆಗೋ ಬೆಂಗಳೂರಿಗೋ ಹೋದರೆ, ವಿದ್ಯೆಯೂ ಅವನೊಡನೆ ಊರು ಬಿಟ್ಟಿತು. ಹೊಲದಲ್ಲಿ ಉಳಿಯುವವರು ತಂದೆ, ತಾಯಿ, ಸೊಸೆ ಮತ್ತು ಪಾಲಿಗೆ ಮಾಡುವವನು. ವಿದ್ಯೆಯು ಊರಲ್ಲಿ ಉಳಿಯುವವರ ಕೈಯಲ್ಲಿರಬೇಕಾದುದೇ ಇಲ್ಲಿಯ ಮುಖ್ಯ ಮಾತು.

ಈ ಕೆಲಸಕ್ಕೆ ವಿದ್ಯಾಲಯಗಳೂ ಉದ್ಯಮಿಗಳೂ ಕೈಗೂಡಿಸಿದರೆ ಫಲವುಂಟೆಂಬುದಕ್ಕೆ ನಿದರ್ಶನವು ದೂರದಲ್ಲಿಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವು ಬೆಂಗಳೂರಿನ ತೆನೆ ಅಗ್ರಿಕಲ್ಚರಲ್ ಸೊಲ್ಯೂಷನ್ಸ್ ಎಂಬ ಸಂಸ್ಥೆಯೊಡನೆ ಕೂಡಿ, 2010ರ ದಶಕದಲ್ಲಿ ‘ಇ-ಸ್ಯಾಪ್’ ಎಂಬ ಸಾಧನವನ್ನು ಬಳಕೆಗೆ ತಂದಿತು. ಹೊಲದಲ್ಲಿ ಕಂಡ ಕೀಟ ರೋಗಗಳನ್ನು ಚಿತ್ರಗಳೊಡನೆ ಹೋಲಿಸಿ ಗುರುತಿಸಿ, ಹಾನಿಯ ಪ್ರಮಾಣವನ್ನು ಅಳೆದು, ತಕ್ಕ ಉಪಾಯವನ್ನು ಅಲ್ಲಿಯೇ ತಿಳಿಯುವದು ಇದರ ಕ್ರಮ. ಕೀಟಗಳ ಜ್ಞಾನವು ವಿದ್ಯಾಲಯದ್ದು, ಯಂತ್ರದ ಕೌಶಲವು ಸಂಸ್ಥೆಯದು. ಒಬ್ಬರಿಂದಲೇ ಆಗದುದು ಇಬ್ಬರಿಂದ ಆಯಿತು. ಆದರೆ ಇದು ಮುಖ್ಯವಾಗಿ ವಿಸ್ತರಣಾ ಕಾರ್ಯಕರ್ತರ ಕೈಯಲ್ಲಿ ನಡೆದ ಸಾಧನ. ಮುಂದಿನ ಹೆಜ್ಜೆಯು ರೈತನ ಮನೆಯೊಳಗೆ ಬೀಳಬೇಕಾಗಿದೆ.

ಆ ಹೆಜ್ಜೆಗೆ ಬೇಕಾದುದೆಲ್ಲವೂ ಬಿಡಿಬಿಡಿಯಾಗಿ ಈಗಲೇ ಇದೆ. ಕೃಷಿ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿಗಳು ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ವಾಸ ಮಾಡುವ ಪದ್ಧತಿಯುಂಟು. ಕಲಬುರಗಿಯಲ್ಲಿಯೇ ಕೃಷಿ ಮಹಾವಿದ್ಯಾಲಯವಿದೆ. 2013ರ ಕಂಪನಿ ಕಾಯದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಲೋಕೋಪಯೋಗಿ ಕಾರ್ಯಗಳಿಗೆ ವೆಚ್ಚಮಾಡತಕ್ಕದ್ದು, ಶಿಕ್ಷಣವೂ ಅವುಗಳಲ್ಲೊಂದು. ಹವಳಗಾ, ಭೂಸನೂರುಗಳಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಲಬುರಗಿಯಲ್ಲಿ ಬೇಳೆಯ ಗಿರಣಿಗಳು ಅನೇಕವಿವೆ. ರೈತನ ಕಬ್ಬಿನಿಂದಲೂ ತೊಗರಿಯಿಂದಲೂ ನಡೆಯುವ ಈ ಉದ್ಯಮಗಳು ಯಂತ್ರಗಳನ್ನೂ ಕಲಿಸುವವರ ವೆಚ್ಚವನ್ನೂ ಒದಗಿಸಿದರೆ ಅದು ದಾನವೆನಿಸದು. ಸರಿಯಾದ ಲೆಕ್ಕವಿಡುವ ರೈತನು ಅವರಿಗೂ ಅನುಕೂಲವೇ. ಆದರೆ ಪಾಠದ ಕ್ರಮವನ್ನು ಇಬ್ಬರೂ ಮೊದಲೇ ಕೂಡಿ ಗೊತ್ತುಮಾಡಬೇಕು. ಇಲ್ಲವಾದರೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾದೀತು.

“ಉದ್ಯಮಿಗಳನ್ನು ಊರೊಳಗೆ ಬಿಟ್ಟುಕೊಂಡರೆ ಕಲಿಸುವ ನೆವದಿಂದ ಸರಕು ಮಾರಿಯಾರು” ಎಂದು ಕೆಲವರು ಶಂಕಿಸುವದುಂಟು. ಶಂಕೆಯು ನಿರಾಧಾರವಲ್ಲ. ಆದುದರಿಂದ ಪಾಠವನ್ನು ವಿದ್ಯಾಲಯದವರೇ ಹೇಳತಕ್ಕದ್ದು; ಪಾಠದ ಸ್ಥಳದಲ್ಲಿ ಬೀಜ, ಗೊಬ್ಬರ, ಔಷಧಗಳ ಮಾರಾಟ ಕೂಡದು; ರೈತರ ಆಧಾರ್ ಸಂಖ್ಯೆಯನ್ನಾಗಲಿ ಬ್ಯಾಂಕಿನ ವಿವರವನ್ನಾಗಲಿ ಯಾರೂ ಬರೆದುಕೊಳ್ಳಬಾರದು. ಮೊಬೈಲಿಗೆ ಬಂದ ಗುಪ್ತ ಸಂಖ್ಯೆಯನ್ನು ಪರರಿಗೆ ಹೇಳಬಾರದೆಂಬುದೇ ಮೊದಲ ಪಾಠವಾಗಲಿ. “ಸೇವಾ ಕೇಂದ್ರವಿರುವಾಗ ಇದೆಲ್ಲ ಏತಕ್ಕೆ” ಎನ್ನುವವರೂ ಇದ್ದಾರೆ. ಕೇಂದ್ರವು ಬೇಕು, ಸಂಶಯವಿಲ್ಲ. ಆದರೆ ಅಲ್ಲಿ ಬರೆದುದು ಸರಿಯೋ ತಪ್ಪೋ ಎಂಬುದನ್ನು ಪರೀಕ್ಷಿಸಿಕೊಳ್ಳುವಷ್ಟು ತಿಳಿವಳಿಕೆ ರೈತನಿಗೆ ಇರಲೇಬೇಕು.

ಇನ್ನು ಗ್ರಾಮಪ್ರಮುಖರ ಹಾಗೂ ಜಮೀನುದಾರರ ಕರ್ತವ್ಯ. ಬಿತ್ತಿಗೆ ಮುಗಿದು ರಾಶಿಯು ಆರಂಭವಾಗುವ ಮೊದಲು, ಸಂಜೆಯ ಹೊತ್ತಿಗೆ ಶಾಲೆಯ ಒಂದು ಕೋಣೆಯನ್ನೋ ಪಂಚಾಯತಿಯ ಸಭಾಗೃಹವನ್ನೋ ತೆರೆಯಿಸಿಕೊಡುವದು ಅವರಿಗೆ ಕಠಿಣವಲ್ಲ. ಊರಿನ ಪರವಾಗಿ ವಿದ್ಯಾಲಯಕ್ಕೂ ಕಾರ್ಖಾನೆಗೂ ಪತ್ರ ಬರೆಯುವದಕ್ಕೆ ಅವರಿಗಿಂತ ತಕ್ಕವರಿಲ್ಲ. ಮನೆಯ ಹೆಣ್ಣುಮಕ್ಕಳನ್ನು ಮೊದಲು ಗೌಡರೇ ಕಳುಹಿಸಿದರೆ ಉಳಿದವರ ಸಂಕೋಚ ಹರಿಯುವದು. ತಮ್ಮ ಹೊಲವನ್ನು ಪಾಲಿಗೆ ಮಾಡುವವರನ್ನೂ ಕರೆತರುವದು ಅವಶ್ಯ. ಬೆಳೆಗೆ ಹಾನಿಯಾದಾಗ ಮೊದಲು ಕಾಣುವವರು ಅವರೇ, ಪಟ್ಟಣದಲ್ಲಿರುವ ಒಡೆಯರಲ್ಲ.

ಬಾವಿ ತೋಡಿಸಿದವರ ಹೆಸರನ್ನು ಹಳ್ಳಿಗಳು ತಲೆಮಾರುಗಟ್ಟಲೆ ನೆನೆಯುತ್ತವೆ. ಈ ವಿದ್ಯೆಯೂ ಊರಿಗೆ ಒಂದು ಬಾವಿಯೇ ಸರಿ. ನೆರೆ ಬಂದ ಮೇಲೆ ಅದನ್ನು ತೋಡುವದಕ್ಕೆ ಬರುವದಿಲ್ಲ. ಕರಜಗಿಯ ಸೀಮೆಯ ಪ್ರಮುಖರು ಬರುವ ಮುಂಗಾರಿಗೆ ಮುಂಚೆ ಇದನ್ನು ಆಲೋಚಿಸುವದು ಉಚಿತ.