ಪರದೆಯ ಪ್ರತಿ ತೆಗೆಯುವ ವಿದ್ಯೆ

ಲ್ಯಾಪ್‌ಟಾಪಿನ ಪರದೆಯ ಮೇಲೆ ಮೂಡಿದ್ದನ್ನು ಮೊಬೈಲಿನಿಂದ ಫೋಟೋ ಹೊಡೆದು ಕಳಿಸುವ ಪದ್ಧತಿ ನಮ್ಮಲ್ಲಿ ಬೇರೂರಿಬಿಟ್ಟಿದೆ. ವಿದ್ಯಾರ್ಥಿಗಳು ಹಾಗೆ ಮಾಡುತ್ತಾರೆ, ಪಾಲಕರು ಹಾಗೆ ಮಾಡುತ್ತಾರೆ, ಗುರುಗಳೂ ಅದಕ್ಕೆ ಹೊರತಲ್ಲ. ಚಿತ್ರ ಓರೆಯಾಗಿರುತ್ತದೆ, ಅದರ ಮೇಲೆ ಟ್ಯೂಬ್‌ಲೈಟಿನ ಪ್ರತಿಬಿಂಬ ಬಿದ್ದಿರುತ್ತದೆ, ಅಕ್ಷರಗಳ ಮೇಲೆ ಬಣ್ಣದ ಪಟ್ಟೆಗಳು ಅಲೆಅಲೆಯಾಗಿ ಹರಿದಾಡುತ್ತವೆ. ಕೈಬೆರಳ ಬುಡದಲ್ಲೇ ಇರುವ ಒಂದು ಕೀಲಿಯನ್ನು ಒತ್ತಿದರೆ ಆಗುವ ಕೆಲಸಕ್ಕೆ ಇಷ್ಟೊಂದು ಪಾಡೇಕೆ? ಸ್ಕ್ರೀನ್‌ಶಾಟ್, ಅಂದರೆ ಪರದೆಯ ಪ್ರತಿ, ತೆಗೆಯುವುದನ್ನು ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಲಿಯಬೇಕು. ಉಳಿದವರಿಗಿಂತ ಗಡಿನಾಡ ಕನ್ನಡಿಗರಾದ ನಮಗೆ ಅದರ ಅಗತ್ಯ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಆ ಬಣ್ಣದ ಪಟ್ಟೆಗಳ ಮಾತನ್ನು ಮೊದಲು ಮುಗಿಸಿಬಿಡೋಣ. ಪರದೆ ಎಂಬುದು ಸಣ್ಣ ಸಣ್ಣ ಬೆಳಕಿನ ಬಿಂದುಗಳ ನೇಯ್ಗೆ. ಬಹಳ ಕಡೆ ಕಾಣುವ ಒಂದು ಅಳತೆಯ ಲ್ಯಾಪ್‌ಟಾಪಿನಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768, ಒಟ್ಟು 10,49,088 ಬಿಂದುಗಳಿರುತ್ತವೆ. ಮೊಬೈಲಿನ ಕ್ಯಾಮೆರಾದೊಳಗೂ ಇಂಥದೇ ಇನ್ನೊಂದು ನೇಯ್ಗೆಯಿದೆ. ಚಾದರಿನ ಊರಿನ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎರಡು ತೆಳ್ಳನೆಯ ಬಟ್ಟೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ, ಎರಡರಲ್ಲೂ ಇಲ್ಲದ ಅಲೆಗಳು ಕಾಣುತ್ತವಲ್ಲ, ಅದೇ ಇದು. ಪರದೆಯ ಪ್ರತಿ ತೆಗೆದಾಗ ನಡುವೆ ಕ್ಯಾಮೆರಾ ಬರುವುದೇ ಇಲ್ಲ. ಸಂಗಣಕವು ತಾನು ತೋರಿಸುತ್ತಿರುವ ಅಷ್ಟೂ ಬಿಂದುಗಳನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತದೆ. (ಬೆಂಗಳೂರಿನವರು ಗಣಕಯಂತ್ರ ಎನ್ನುತ್ತಾರೆ. ನಮ್ಮ ಬಾಯಿಗೆ ಮರಾಠಿಯ ಸಂಗಣಕವೇ ಸಲೀಸು, ಅದನ್ನೇ ಬಳಸುತ್ತೇವೆ.)

ಇದು ಹೊಸ ವಿದ್ಯೆಯೂ ಅಲ್ಲ. 1981ರಲ್ಲಿ ಐಬಿಎಂ ಕಂಪನಿಯ ವೈಯಕ್ತಿಕ ಸಂಗಣಕ ಬಂದಾಗಲೇ ಅದರ ಕೀಲಿಮಣೆಯ ಮೇಲೆ ಪ್ರಿಂಟ್ ಸ್ಕ್ರೀನ್ ಎಂಬ ಕೀಲಿಯಿತ್ತು. ಶಿಫ್ಟ್ ಹಿಡಿದು ಅದನ್ನು ಒತ್ತಿದರೆ ಪರದೆಯ ಮೇಲಿನ ಅಕ್ಷರಗಳು ಪ್ರಿಂಟರಿಗೆ ಹೋಗಿ ಕಾಗದದ ಮೇಲೆ ಅಚ್ಚಾಗುತ್ತಿದ್ದವು. ಈಗ ಕಾಗದ ಹೋಗಿದೆ, ಹೆಸರು ಉಳಿದಿದೆ. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಚಿಹ್ನೆಯ ಕೀಲಿಯನ್ನು ಹಿಡಿದು ಪ್ರಿಂಟ್ ಸ್ಕ್ರೀನ್ ಒತ್ತಿದರೆ ಇಡೀ ಪರದೆಯ ಚಿತ್ರ ಪಿಕ್ಚರ್ಸ್ ಎಂಬ ಕೋಶದೊಳಗಿನ ಸ್ಕ್ರೀನ್‌ಶಾಟ್ಸ್ ಎಂಬಲ್ಲಿ ತಾನಾಗಿ ಸೇರುತ್ತದೆ. ಬೇಕಾದಷ್ಟೇ ಭಾಗ ಸಾಕೆಂದರೆ ವಿಂಡೋಸ್ ಕೀಲಿ, ಶಿಫ್ಟ್, ಎಸ್ ಈ ಮೂರನ್ನೂ ಒಟ್ಟಿಗೆ ಒತ್ತಿ, ಚೌಕ ಎಳೆಯಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ ಪ್ರಿಂಟ್ ಸ್ಕ್ರೀನಿನ ಜಾಗವನ್ನು ಇನ್ನೊಂದು ಕೀಲಿಯೊಂದಿಗೆ ಹಂಚಿರುತ್ತಾರೆ. ಅಲ್ಲಿ ಎಫ್‌ಎನ್ ಎಂಬ ಕೀಲಿಯನ್ನೂ ಜೊತೆಗೆ ಒತ್ತಬೇಕಾಗುತ್ತದೆ. ಇದು ಗೊತ್ತಿಲ್ಲದೆ ಕೀಲಿಯೇ ಕೆಟ್ಟಿದೆಯೆಂದು ಅಂಗಡಿಗೆ ಹೊರಡುವವರಿದ್ದಾರೆ.

ಪುಣೆಯಲ್ಲಿ ನೌಕರಿಯಲ್ಲಿರುವ ಅಣ್ಣನ ಹತ್ತಿರ ಮ್ಯಾಕ್ ಇದ್ದರೆ ಅದರಲ್ಲಿ ಪ್ರಿಂಟ್ ಸ್ಕ್ರೀನ್ ಕೀಲಿಯನ್ನು ಹುಡುಕಬೇಡಿರಿ, ಇರುವುದಿಲ್ಲ. ಶಿಫ್ಟ್, ಕಮಾಂಡ್ ಎರಡನ್ನೂ ಹಿಡಿದು 3 ಒತ್ತಿದರೆ ಇಡೀ ಪರದೆ, 4 ಒತ್ತಿದರೆ ಬೇಕಾದ ಭಾಗ. 2018ರ ನಂತರದ ಮ್ಯಾಕ್‌ಗಳಲ್ಲಿ 5 ಒತ್ತಿದರೆ ಎಲ್ಲ ಸೌಕರ್ಯಗಳ ಪಟ್ಟಿಯೇ ತೆರೆಯುತ್ತದೆ. ಚಿತ್ರ ಬಂದು ಕೂಡುವುದು ಡೆಸ್ಕ್‌ಟಾಪಿನ ಮೇಲೆ. ಶಾಲೆಯ ಸಂಗಣಕ ಕೊಠಡಿಯಲ್ಲಿ ಉಬುಂಟು ಇದ್ದರೆ ಪ್ರಿಂಟ್ ಸ್ಕ್ರೀನ್ ಒಂದೇ ಸಾಕು. 2022ರ ಆವೃತ್ತಿಯಿಂದ ಅದನ್ನು ಒತ್ತಿದೊಡನೆ ಇಡೀ ಪರದೆಯೋ, ಒಂದು ಕಿಟಕಿಯೋ, ಒಂದು ಭಾಗವೋ ಎಂದು ಅದೇ ಕೇಳುತ್ತದೆ. ಯಾವ ಯಂತ್ರದಲ್ಲಿ ಯಾವ ಕೀಲಿ ಎಂಬುದನ್ನು ಬಾಯಿಪಾಠ ಮಾಡಬೇಕಿಲ್ಲ. ಎರಡು ದಿನ ಕೈಯಾಡಿಸಿದರೆ ಬೆರಳಿಗೇ ಗೊತ್ತಾಗುತ್ತದೆ.

ಇನ್ನು ಇದು ನಮಗೇಕೆ ಹೆಚ್ಚು ಬೇಕು ಎಂಬ ಪ್ರಶ್ನೆ. 2025ರಿಂದ 11ನೆಯ ಇಯತ್ತೆಯ ಪ್ರವೇಶ ಮಹಾರಾಷ್ಟ್ರದಾದ್ಯಂತ ಆನ್‌ಲೈನ್ ಆಗಿದೆ. ಅದಕ್ಕೂ ಮೊದಲು ಮುಂಬಯಿ, ಪುಣೆಯಂಥ ಕೆಲವು ಮಹಾನಗರಗಳಿಗಷ್ಟೇ ಇದ್ದ ಪದ್ಧತಿ ಈಗ ಅಕ್ಕಲಕೋಟೆ ತಾಲೂಕಿನ ಹಳ್ಳಿಯ ಹುಡುಗಿಗೂ ಬಂದಿದೆ. ಹತ್ತು ಕಾಲೇಜುಗಳವರೆಗೆ ಆದ್ಯತೆಯ ಕ್ರಮದಲ್ಲಿ ಆಯ್ದುಕೊಡಬೇಕು. ವಿದ್ಯಾರ್ಥಿವೇತನದ ಅರ್ಜಿಗಳೂ ಮಹಾಡಿಬಿಟಿಯೆಂಬ ಜಾಲತಾಣದ ಮೂಲಕವೇ ಹೋಗುತ್ತವೆ. ಇವುಗಳ ಭಾಷೆ ಮರಾಠಿ ಅಥವಾ ಇಂಗ್ಲಿಷು. ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು, ಕನ್ನಡವನ್ನಷ್ಟೇ ಓದಬಲ್ಲ ತಾಯಿ, ಅವಸರದಲ್ಲಿ ಅರ್ಜಿ ತುಂಬುವ ಅಂಗಡಿಯವ, ಹೀಗೆ ಮೂವರು ಒಂದು ಪರದೆಯ ಮುಂದೆ ಕುಳಿತಿರುತ್ತಾರೆ. ಸಿದ್ಧಾರಾಮ ಎಂಬುದು ನಮ್ಮ ಭಾಗದಲ್ಲಿ ಮನೆಮನೆಯ ಹೆಸರು. ಅದನ್ನು ಇಂಗ್ಲಿಷಿನಲ್ಲಿ ಒಂದು ಡಿ ಹಾಕಿ ಬರೆಯುವವರುಂಟು, ಎರಡು ಹಾಕುವವರುಂಟು, ನಡುವೆ ಎಚ್ ಬಿಡುವವರುಂಟು. ಶಾಲೆಯ ದಾಖಲೆಯಲ್ಲೊಂದು, ಅರ್ಜಿಯಲ್ಲೊಂದು ಆದರೆ ಮುಂದೆ ತಿದ್ದುಪಡಿಗೆ ಎಷ್ಟು ಬಾಗಿಲು ತಟ್ಟಬೇಕೆಂಬುದು ಅನುಭವಿಸಿದ ಪಾಲಕರಿಗೇ ಗೊತ್ತು.

ಆದ್ದರಿಂದ ಕೊನೆಯ ಗುಂಡಿ ಒತ್ತುವ ಮೊದಲು ಪ್ರತಿ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ ಎನ್ನುತ್ತೇವೆ. ಅದನ್ನು ಮನೆಗೆ ಒಯ್ದು, ದಾಖಲೆಗಳನ್ನು ಪಕ್ಕದಲ್ಲಿಟ್ಟು, ಅಕ್ಷರಕ್ಕೆ ಅಕ್ಷರ ಹೋಲಿಸಬಹುದು. ತಿಳಿಯದ ಮರಾಠಿ ಶಬ್ದವನ್ನು ಗುರುಗಳಿಗೆ ತೋರಿಸಿ ಕೇಳಬಹುದು. ತಪ್ಪಿನ ಸಂದೇಶವೇನಾದರೂ ಪರದೆಯ ಮೇಲೆ ಬಂದರೆ ಮೊದಲು ಅದರ ಪ್ರತಿ ತೆಗೆದು ಆಮೇಲೆ ಮುಚ್ಚಿರಿ. ಆಗ ಇಡೀ ಪರದೆಯನ್ನೇ ತೆಗೆಯಬೇಕು, ತುಂಡನ್ನಲ್ಲ. ಮೂಲೆಯಲ್ಲಿರುವ ತಾರೀಕು, ವೇಳೆ ಕೂಡ ಚಿತ್ರದಲ್ಲಿ ಬರಲಿ. ‘ಏನೋ ಇಂಗ್ಲಿಷಿನಲ್ಲಿ ಬಂದಿತ್ತು ಸರ್, ಹೋಯಿತು’ ಎಂದು ಮರುದಿನ ಹೇಳಿದರೆ ಯಾರೂ ಏನೂ ಮಾಡಲಾರರು. ಹಾಗೆಂದು ಸ್ಕ್ರೀನ್‌ಶಾಟನ್ನೇ ರಸೀದಿಯೆಂದು ನಂಬಬಾರದು. ಚಿತ್ರವನ್ನು ಯಾರು ಬೇಕಾದರೂ ತಿದ್ದಬಹುದೆಂಬುದು ಕಚೇರಿಯವರಿಗೂ ಗೊತ್ತು. ಅರ್ಜಿ ಸಂಖ್ಯೆಯನ್ನು ಬರೆದುಕೊಳ್ಳುವುದು, ಪಿಡಿಎಫ್ ರಸೀದಿಯನ್ನು ಇಳಿಸಿಕೊಳ್ಳುವುದು ಬೇರೆ ಕೆಲಸ, ಅದೂ ಆಗಬೇಕು.

ಒಂದು ಎಚ್ಚರಿಕೆ. ಅರ್ಜಿಯ ಪುಟದಲ್ಲಿ ಆಧಾರದ 12 ಅಂಕಿಗಳು, ಬ್ಯಾಂಕಿನ ಖಾತೆ, ಕೆಲವೊಮ್ಮೆ ಜಾತಿ, ಆದಾಯ ಎಲ್ಲ ಇರುತ್ತವೆ. ಅದನ್ನು ವರ್ಗದ ವಾಟ್ಸ್ಯಾಪ್ ಗುಂಪಿಗೆ ಹಾಕಿ ‘ಸರಿ ಇದೆಯಾ ನೋಡ್ರಿ’ ಎಂದು ಕೇಳುವುದು ಬುದ್ಧಿವಂತಿಕೆಯಲ್ಲ. ಬಣ್ಣದ ಹೈಲೈಟರ್ ಎಳೆದರೆ ಅಂಕಿಗಳು ಮುಚ್ಚುವುದಿಲ್ಲ, ಕೆಳಗೆ ಕಾಣುತ್ತಲೇ ಇರುತ್ತವೆ. ಕತ್ತರಿಸಿದ ಮಾತ್ರಕ್ಕೂ ನಿಶ್ಚಿಂತೆಯಿಲ್ಲ. ವಿಂಡೋಸಿನ ಕತ್ತರಿಸುವ ಸಲಕರಣೆಯಲ್ಲಿ, ಕತ್ತರಿಸಿ ಅದೇ ಹೆಸರಿನಲ್ಲಿ ಉಳಿಸಿದ ಚಿತ್ರದಿಂದ ತೆಗೆದುಹಾಕಿದ ಭಾಗವನ್ನು ಮರಳಿ ಪಡೆಯಬಹುದೆಂದು 2023ರ ಮಾರ್ಚಿನಲ್ಲಿ ಬಯಲಾಗಿತ್ತು. ಕಂಪನಿ ಅದನ್ನು ಬೇಗನೆ ಸರಿಪಡಿಸಿತೆನ್ನಿ. ಗೆಳತಿಯ ಖಾಸಗಿ ಮಾತಿನ ಚಿತ್ರ ತೆಗೆದು ಹತ್ತು ಜನರಿಗೆ ಹಂಚುವ ಹುಡುಗರ ಬಗ್ಗೆಯೂ ಬರೆಯಬಹುದಿತ್ತು. ಅದು ಕೀಲಿಮಣೆಯ ವಿಷಯವಲ್ಲ, ನಡತೆಯ ವಿಷಯ.

ನಮ್ಮ ಎರಡನೆಯ ಕಾರಣ ಕನ್ನಡ. ನಮ್ಮ ಎರಡೂ ಊರುಗಳ ಹೆಸರಿನಲ್ಲಿ ಒತ್ತಕ್ಷರವಿದೆ. ಕನ್ನಡವನ್ನು ಸರಿಯಾಗಿ ಜೋಡಿಸಲು ಬಾರದ ತಂತ್ರಾಂಶದಲ್ಲಿ ಅಕ್ಕಲಕೋಟೆಯು ‘ಅಕ್‌ಕಲಕೋಟೆ’ ಆಗುತ್ತದೆ, ಸೊಲ್ಲಾಪುರವು ‘ಸೊಲ್‌ಲಾಪುರ’ ಆಗುತ್ತದೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಬರೆದ ಪತ್ರವನ್ನು ಆ ಶೈಲಿಯಿಲ್ಲದ ಸಂಗಣಕದಲ್ಲಿ ತೆರೆದರಂತೂ ಕನ್ನಡದ ಬದಲು ಕೊಂಬು ಟೊಪ್ಪಿಗೆ ತೊಟ್ಟ ರೋಮನ್ ಅಕ್ಷರಗಳ ಜಾತ್ರೆ ಕಾಣುತ್ತದೆ. ಧಾರವಾಡದಲ್ಲೋ ವಿಜಯಪುರದಲ್ಲೋ ಆದರೆ ಪಕ್ಕದವರ ಸಂಗಣಕದಲ್ಲಿ ಆ ಶೈಲಿ ಸಿಕ್ಕೀತು. ಇಲ್ಲಿಯ ಅಂಗಡಿ, ಕಚೇರಿಗಳಲ್ಲಿ ಅದು ಸಿಗುವ ಸಂಭವ ಕಡಿಮೆ. ಅಂಥಲ್ಲಿ ಪರದೆಯ ಪ್ರತಿ ಕಳಿಸಿದರೆ, ನೋಡುವವನ ಯಂತ್ರ ಯಾವುದೇ ಇರಲಿ, ಕನ್ನಡ ನಾವು ಕಂಡಂತೆಯೇ ಕಾಣುತ್ತದೆ. ಒಡೆದ ಕನ್ನಡವನ್ನು ತಂತ್ರಾಂಶ ಮಾಡಿದವರಿಗೆ ದೂರುವುದಿದ್ದರೂ ಚಿತ್ರವೇ ಬೇಕು. ಕನ್ನಡ ಓದಲು ಬಾರದ ಎಂಜಿನಿಯರನಿಗೆ ‘ಒತ್ತು ಬಿಟ್ಟುಹೋಗಿದೆ’ ಎಂದರೆ ಏನು ತಿಳಿದೀತು? ಒಡೆದ ರೂಪ, ಸರಿಯಾದ ರೂಪ ಎರಡರ ಚಿತ್ರವನ್ನೂ ಪಕ್ಕಪಕ್ಕಕ್ಕಿಟ್ಟು, ಯಾವ ಯಂತ್ರ, ಯಾವ ಆವೃತ್ತಿ ಎಂದು ಬರೆದು ಕಳಿಸಬೇಕು. ಇಂಥ ದೂರನ್ನು ನಮ್ಮ ಮಕ್ಕಳೇ ಕಳಿಸಬೇಕೆಂದು ನಮಗೆ ಆಸೆ.

ಆದರೆ ಇಲ್ಲೇ ನಮಗೊಂದು ಅಸಮಾಧಾನವೂ ಇದೆ. ಚಿತ್ರ ಸುಲಭವಾದದ್ದರಿಂದ ಕನ್ನಡವನ್ನು ಅಕ್ಷರವಾಗಿ ಬರೆಯುವುದನ್ನೇ ಬಿಡುತ್ತಿದ್ದೇವೆ. ಶಾಲೆಯ ಸೂಚನೆ ಚಿತ್ರ, ಆಮಂತ್ರಣ ಚಿತ್ರ, ಸ್ಪರ್ಧೆಯ ಪ್ರಬಂಧವೂ ಚಿತ್ರ. ಚಿತ್ರದೊಳಗಿನ ಕನ್ನಡವನ್ನು ಮಾಮೂಲಿ ಹುಡುಕಾಟದಲ್ಲಿ ಹುಡುಕಿದರೆ ಸಿಗುವುದಿಲ್ಲ, ತಿದ್ದಲು ಬರುವುದಿಲ್ಲ. ಕಣ್ಣಿಲ್ಲದ ವಿದ್ಯಾರ್ಥಿಗೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎಯಂಥ ಉಚಿತ ತಂತ್ರಾಂಶವಿದೆ, ಕನ್ನಡದ ಅಕ್ಷರವನ್ನು ಅದು ಓದಬಲ್ಲದು. ಚಿತ್ರವನ್ನು ಹಾಗೆಯೇ ಮುಂದಿಟ್ಟರೆ ‘ಇಲ್ಲೊಂದು ಚಿತ್ರವಿದೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಕಲ್ಲಿನ ಶಾಸನಗಳಿಗೆ ಕೊರತೆಯಿಲ್ಲ. ಭೀಮಾ, ಸೀನಾ ಕೂಡುವ ಹತ್ತರಸಂಗ ಕೂಡಲದಲ್ಲಿ 1018ರ ಶಾಸನವಿದೆ. ಶಾಸನ ತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದವನ್ನಿಟ್ಟು, ಬ್ರಷ್ಷಿನಿಂದ ಬಡಿದು, ಅಕ್ಷರದ ಗುಂಡಿಗಳೊಳಗೆ ಕಾಗದ ಇಳಿದ ಮೇಲೆ ಮಸಿ ಸವರಿ ಪಡಿಯಚ್ಚು ತೆಗೆಯುತ್ತಾರೆ. ಅದೂ ಒಂದು ಬಗೆಯ ಸ್ಕ್ರೀನ್‌ಶಾಟೇ. ಆದರೆ ಅವರ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಅಚ್ಚನ್ನು ಮುಂದಿಟ್ಟುಕೊಂಡು ಸಾಲುಸಾಲಾಗಿ ಓದಿ ಪಾಠವನ್ನು ಬರೆಯುತ್ತಾರೆ. ಪುಸ್ತಕದಲ್ಲಿ ಅಚ್ಚಾಗುವುದು ಆ ಪಾಠ. ಚಿತ್ರ ಕಳಿಸುವಾಗ ಅದರ ಕೆಳಗೆ ಎರಡು ಸಾಲು ಕನ್ನಡವನ್ನೂ ಬೆರಳಚ್ಚು ಮಾಡಿ ಸೇರಿಸಿರೆಂದು ನಾವು ಕೇಳುವುದು ಇದಕ್ಕಾಗಿ.

ಬೆರಳಚ್ಚು ಕಷ್ಟವೆಂದು ಹೇಳುವ ಹಾಗಿಲ್ಲ. ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸ ವಿಂಡೋಸ್, ಉಬುಂಟು ಎರಡರಲ್ಲೂ ಪುಕ್ಕಟೆಯಾಗಿ ಇದೆ. ಅದರಲ್ಲಿ ಭಾರತದ ಭಾಷೆಗಳಿಗೆಲ್ಲ ಅಕ್ಷರಗಳ ಜಾಗ ಒಂದೇ. ಕನ್ನಡದ ಕ ಎಲ್ಲಿದೆಯೋ ಮರಾಠಿಯ ಕ ಕೂಡ ಅಲ್ಲೇ, ಕನ್ನಡದ ತ ಎಲ್ಲಿದೆಯೋ ಮರಾಠಿಯ ತ ಕೂಡ ಅಲ್ಲೇ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ನಮ್ಮ ಮಕ್ಕಳು ಬೆರಳುಗಳನ್ನು ಒಮ್ಮೆ ಪಳಗಿಸಿದರೆ ಎರಡೂ ಭಾಷೆ ಕೈಗೆ ಬರುತ್ತವೆ.