ಮೊದಲು ಮನೆ ಕಟ್ಟಿ, ಆಮೇಲೆ ಮದುವೆ ಮಾಡಿ: ಹ್ಯಾಮ್ಸ್ಟರ್ ಮರಿ ಬೇಕು ಅನ್ನೋರಿಗೆ

(1/7)
ಡಿಎಂನಲ್ಲಿ ಪದೇ ಪದೇ ಬರೋ ಪ್ರಶ್ನೆ ಇದು: "ನಿನ್ನ ಹ್ಯಾಮ್ಸ್ಟರ್ ಗಂಡಾ, ಹೆಣ್ಣಾ? ನಮ್ಮನೇದ್ರ ಜೊತೆ ಒಂದ್ಸಲ ಬಿಡೋಣ್ವಾ? ಮರಿ ನೋಡ್ಬೇಕು ಅಂತ ಆಸೆ."

ಆಸೆ ತಪ್ಪಲ್ಲ. ಸಿಪ್ಪೆ ಸಮೇತ ಇರೋ ಶೇಂಗಾದಷ್ಟು ಗಾತ್ರದ ಗುಲಾಬಿ ಮರಿಗಳು ಎರಡೇ ವಾರದಲ್ಲಿ ಮೈತುಂಬಾ ಕೂದಲು ಬಂದು ಕಣ್ಣು ಬಿಡೋದನ್ನ ಯಾರಿಗೆ ತಾನೇ ನೋಡ್ಬೇಕು ಅನ್ಸಲ್ಲ? ಆದ್ರೂ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ನಮ್ಮಲ್ಲಿ ಮುಕ್ಕಾಲು ಪಾಲು ಜನ ಮರಿ ಮಾಡಿಸಬಾರದು. ಪ್ರೀತಿ ಕಡಿಮೆ ಅಂತಲ್ಲ, ಜಾಗ ಕಡಿಮೆ ಅಂತ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅನ್ನೋ ಗಾದೆ ಇದೆಯಲ್ಲ, ಅದರಲ್ಲೂ ಮನೆನೇ ಮೊದಲು. ಹ್ಯಾಮ್ಸ್ಟರ್ ವಿಷಯದಲ್ಲಿ ಆ ಕ್ರಮ ತಪ್ಪಿದ್ರೆ ಬೆಲೆ ಕೊಡೋದು ಮರಿಗಳು.

ಯಾಕೆ ಅಂತ ಮುಂದಿನ ಆರು ಪೋಸ್ಟ್‌ನಲ್ಲಿ ಹೇಳ್ತೀನಿ. ಈಗಾಗಲೇ ನಿಮ್ಮನೆ ಹ್ಯಾಮ್ಸ್ಟರ್ ಗರ್ಭಿಣಿ ಆಗಿದ್ರೆ ಗಾಬರಿ ಬೇಡ, ಸೀದಾ 6ಕ್ಕೆ ಹೋಗಿ.

(2/7)
ಸಿರಿಯನ್ ಹ್ಯಾಮ್ಸ್ಟರ್ ಅಂದ್ರೆ ಹೆಸರೇ ಹೇಳೋ ಹಾಗೆ ಸಿರಿಯಾದ್ದು. ಉತ್ತರ ಸಿರಿಯಾದ ಅಲೆಪ್ಪೊ ಸುತ್ತಮುತ್ತ ಮತ್ತು ಪಕ್ಕದ ಟರ್ಕಿಯ ಗಡಿಭಾಗ ಇದರ ತವರು. 1930ರಲ್ಲಿ ಇಸ್ರೇಲ್ ಅಹರೋನಿ ಅನ್ನೋ ಪ್ರಾಣಿಶಾಸ್ತ್ರಜ್ಞರು ಅಲೆಪ್ಪೊ ಹತ್ತಿರದ ಹೊಲವೊಂದನ್ನ ಅಗೆಸಿ ಒಂದು ತಾಯಿ ಮತ್ತು 11 ಮರಿಗಳನ್ನ ಹಿಡಿದರು. ಇವತ್ತು ಜಗತ್ತಿನ ಮನೆಗಳಲ್ಲಿ ಇರೋ ಹೆಚ್ಚುಕಡಿಮೆ ಎಲ್ಲಾ ಸಿರಿಯನ್ ಹ್ಯಾಮ್ಸ್ಟರ್‌ಗಳೂ ಆ ಒಂದೇ ಬಿಲದ ಸಂತಾನ.

ಆದ್ರೆ ಆ ಕಥೆಯ ಇನ್ನೊಂದು ಭಾಗ ರೀಲ್ಸ್‌ನಲ್ಲಿ ಬರಲ್ಲ. ಹಿಡಿದು ಪೆಟ್ಟಿಗೆಗೆ ಹಾಕಿದ ತಕ್ಷಣ ಆ ತಾಯಿ ಹತ್ತಿರ ಬಂದ ತನ್ನದೇ ಮರಿಯನ್ನ ಕಚ್ಚಿ ಕೊಂದುಬಿಟ್ಟಿತು. ಅದು ಕೆಟ್ಟ ತಾಯಿ ಅಂತಲ್ಲ. ಭಯ ಆದಾಗ ಈ ಪ್ರಾಣಿ ನಡೆದುಕೊಳ್ಳೋದೇ ಹಾಗೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನೊಂದು ಮಾತು. ಸಂಶೋಧಕರು ಸಿರಿಯಾದಲ್ಲಿ ಕಾಡು ಹ್ಯಾಮ್ಸ್ಟರ್‌ಗಳ ಬಿಲಗಳನ್ನ ನೋಡಿದಾಗ ಒಂದು ಬಿಲದಲ್ಲಿ ಒಂದಕ್ಕಿಂತ ಹೆಚ್ಚು ವಯಸ್ಕ ಪ್ರಾಣಿ ಸಿಗಲೇ ಇಲ್ಲ. ಅಂದ್ರೆ "ಪಾಪ, ಒಂಟಿಯಾಗಿದೆ, ಜೋಡಿ ತರೋಣ" ಅನ್ನೋದು ನಮ್ಮ ಭಾವನೆ, ಅದರದ್ದಲ್ಲ. ಒಂಟಿತನ ಅದಕ್ಕೆ ಶಿಕ್ಷೆ ಅಲ್ಲ, ಅದರ ಸ್ವಭಾವ.

(3/7)
ಈಗ ಸ್ವಲ್ಪ ಲೆಕ್ಕ. ಮ್ಯಾಥ್ಸ್ ಬೇಡ ಅನ್ನೋರೂ ಓದಿ, ಕೂಡಿಸೋದು ಗುಣಿಸೋದು ಅಷ್ಟೇ 😅

ಗರ್ಭಧಾರಣೆ ಸುಮಾರು 16 ದಿನ. ನಾಯಿಗೆ ಎರಡು ತಿಂಗಳು, ಇದಕ್ಕೆ ಬರೀ ಎರಡು ವಾರ ಚಿಲ್ಲರೆ. ಒಂದು ಸಲಕ್ಕೆ ಸಾಮಾನ್ಯವಾಗಿ 6ರಿಂದ 12 ಮರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು. ನಾವು 8 ಅಂತ ಇಟ್ಕೊಳ್ಳೋಣ. ಅದರಲ್ಲಿ 4 ಹೆಣ್ಣು.

ಮರಿಗಳು 4ರಿಂದ 5 ವಾರಕ್ಕೇ ತಾವೇ ಮರಿ ಹಾಕೋ ಶಕ್ತಿಗೆ ಬರ್ತವೆ. ಅಣ್ಣ ತಂಗಿ ಅನ್ನೋ ಲೆಕ್ಕ ಅವುಗಳಿಗಿಲ್ಲ. "ಇನ್ನೂ ಪುಟ್ಟವು, ಒಟ್ಟಿಗೇ ಇರ್ಲಿ" ಅಂತ ನೀವು ಬಿಟ್ರೆ ಆ 4 ಹೆಣ್ಣಿನಿಂದ ತಲಾ 8, ಅಂದ್ರೆ ಇನ್ನೂ 32. ಮೊದಲ ಜೋಡಿ ಸೇರಿದ ದಿನದಿಂದ ಇಲ್ಲಿಗೆ ಸುಮಾರು 10 ವಾರ. ಒಂದು ಬೇಸಿಗೆ ರಜೆಯಲ್ಲಿ ಶುರುವಾದ ಆಟ, ಶಾಲೆ ಕಾಲೇಜು ತೆರೆದು ಸ್ವಲ್ಪ ದಿನ ಆಗೋಷ್ಟರಲ್ಲಿ 42 ಜೀವ.

ಅಷ್ಟು ಜೀವಕ್ಕೆ ಯಾರ ಮನೆ? ನಿಮ್ಮಮ್ಮನ್ನ ಕೇಳಿದ್ರಾ?

(4/7)
"ಒಂದೇ ದೊಡ್ಡ ಗೂಡಲ್ಲಿ ಎಲ್ಲಾ ಇರ್ತವೆ ಬಿಡು" ಅನ್ನಬೇಡಿ. ಸಿರಿಯನ್ ಹ್ಯಾಮ್ಸ್ಟರ್‌ಗಳು 6ರಿಂದ 8 ವಾರ ದಾಟಿದ ಮೇಲೆ ಅಕ್ಕತಂಗಿಯರಾದ್ರೂ ಹೊಡೆದಾಡ್ತವೆ, ಸಾಯೋವರೆಗೂ. ಹಾಗಾಗಿ 8 ಮರಿ ಅಂದ್ರೆ 8 ಗೂಡು.

ಗೂಡು ಅಂದ್ರೆ ಅಂಗಡಿಯಲ್ಲಿ ಬಣ್ಣಬಣ್ಣದ್ದು ಸಿಗುತ್ತಲ್ಲ, ಟಿಫನ್ ಕ್ಯಾರಿಯರ್ ಸೈಜಿಂದು, ಅದಲ್ಲ. ಜರ್ಮನಿಯ ಪ್ರಾಣಿ ಕ್ಷೇಮ ಪಶುವೈದ್ಯರ ಸಂಘ ಒಂದು ಹ್ಯಾಮ್ಸ್ಟರ್‌ಗೆ ಕನಿಷ್ಠ 100 ಸೆಂ.ಮೀ. ಉದ್ದ, 50 ಅಗಲ, 50 ಎತ್ತರ ಅನ್ನುತ್ತೆ. ಅಂಥ 8 ಗೂಡು ಸಾಲಾಗಿ ಇಟ್ರೆ 8 ಮೀಟರ್. ನಮ್ಮ ಕ್ಲಾಸ್‌ರೂಮಿನ ಒಂದು ಗೋಡೆ ಪೂರ್ತಿ ಬೇಕು.

ಒಳಗೆ ಅಗೆಯೋಕೆ ಆಳವಾದ ಹಾಸು ಬೇಕು. ಸ್ವಿಟ್ಜರ್‌ಲೆಂಡ್‌ನ ಸಂಶೋಧಕರು 10, 40, 80 ಸೆಂ.ಮೀ. ಆಳದ ಹಾಸಿನಲ್ಲಿ ಹ್ಯಾಮ್ಸ್ಟರ್ ಇಟ್ಟು ನೋಡಿದ್ರು. ಕಂಬಿಯನ್ನ ಹಗಲೂ ರಾತ್ರಿ ಕಚ್ಚೋ ಅಭ್ಯಾಸ ಅತಿ ಹೆಚ್ಚು ಕಂಡಿದ್ದು 10 ಸೆಂ.ಮೀ. ಹಾಸಿನಲ್ಲಿದ್ದವುಗಳಲ್ಲಿ. "ನಮ್ಮದು ಕಂಬಿ ಕಚ್ಚಿ ಆಟ ಆಡುತ್ತೆ, ಕ್ಯೂಟ್" ಅಂತ ಸ್ಟೋರಿ ಹಾಕೋರು ದಯವಿಟ್ಟು ಇನ್ನೊಮ್ಮೆ ಯೋಚಿಸಿ. ಅದು ಆಟ ಅಲ್ಲ, ಒತ್ತಡ.

ಓಡೋ ಚಕ್ರ ಕನಿಷ್ಠ 28 ಸೆಂ.ಮೀ. ವ್ಯಾಸದ್ದಿರಲಿ, ಕಂಬಿ ಕಂಬಿಯಾಗಿರದೆ ಸಲೀಸಾಗಿರಲಿ. ಚಿಕ್ಕ ಚಕ್ರದಲ್ಲಿ ಬೆನ್ನು ಬಿಲ್ಲಾಗುತ್ತೆ. ಹತ್ತಿಯಂಥ ನೂಲು ನೂಲಾದ ಹಾಸು ಬೇಡವೇ ಬೇಡ, ಕಾಲಿಗೆ ಸುತ್ತಿಕೊಳ್ಳುತ್ತೆ. ಪ್ರಿಂಟ್ ಇಲ್ಲದ, ಪರಿಮಳ ಇಲ್ಲದ ಟಿಶ್ಯೂ ಹರಿದು ಹಾಕಿ, ಸಾಕು.

ನಮ್ಮ ಕಡೆ ಬಿಸಿಲಿನ ವಿಷಯ ಬೇರೆ ಇದೆ. ರಾಯಚೂರು, ಕಲಬುರಗಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತೆ. ಹ್ಯಾಮ್ಸ್ಟರ್‌ಗೆ 30 ದಾಟಿದ್ರೇ ಅಪಾಯ. ಒಂದು ಮಣ್ಣಿನ ಕುಂಡ ಅಡ್ಡ ಮಲಗಿಸಿ ಕೊಡಿ, ನೆಲಮಟ್ಟದ ತಂಪಾದ ಕೋಣೆಯಲ್ಲಿಡಿ. ಒಂದಕ್ಕೆ ಇಷ್ಟು ಮಾಡೋದೇ ಕಷ್ಟ. ಎಂಟಕ್ಕೆ?

(5/7)
"ಸರಿ, ನನಗೆ ಜಾಗ ಇದೆ, ಅಪ್ಪ ಅಮ್ಮ ಒಪ್ಪಿದ್ದಾರೆ" ಅನ್ನೋರಿಗೆ ಈ ಪೋಸ್ಟ್.

10ನೇ ಕ್ಲಾಸಿನ ಮೆಂಡಲ್ ನೆನಪಿದ್ಯಾ? ಬಟಾಣಿ, ನಾಲ್ಕರಲ್ಲಿ ಒಂದು? ಹ್ಯಾಮ್ಸ್ಟರ್‌ನಲ್ಲಿ ಅದು ಪರೀಕ್ಷೆ ಪ್ರಶ್ನೆ ಅಲ್ಲ, ನಿಜ. ಬಿಳಿ ಮೈಮೇಲೆ ಬಣ್ಣದ ಕೂದಲು ಚಿಮುಕಿಸಿದಂತಿರೋ ರೋನ್ ಅನ್ನೋ ಬಗೆ ಇದೆ. ಹೊಟ್ಟೆ ಮಾತ್ರ ಬಿಳಿ ಇರೋ ಒಂದು ಬಗೆಯೂ ಅದೇ ಜೀನ್ ಹೊತ್ತಿರುತ್ತೆ. ಇಂಥ ಎರಡನ್ನ ಸೇರಿಸಿದ್ರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಕಣ್ಣೇ ಇಲ್ಲದೆ ಹುಟ್ಟುತ್ತೆ. ಅಂಗಡಿಯಿಂದ ತಂದ ಹ್ಯಾಮ್ಸ್ಟರ್‌ನ ತಂದೆ ತಾಯಿ ಯಾರು ಅಂತ ನಿಮಗೆ ಗೊತ್ತಾ? ಗೊತ್ತಿಲ್ಲದ ಎರಡು ಜೀವಗಳನ್ನ "ಬಣ್ಣ ಮ್ಯಾಚ್ ಆಗುತ್ತೆ" ಅಂತ ಸೇರಿಸೋದು ಜೂಜು. ಸೋಲೋದು ನಾವಲ್ಲ, ಮರಿ.

ಜವಾಬ್ದಾರಿಯಿಂದ ಮಾಡೋರು ಎರಡರ ವಂಶವನ್ನೂ ತಿಳ್ಕೊಂಡಿರ್ತಾರೆ. ಹೆಣ್ಣಿಗೆ ಕನಿಷ್ಠ 4 ತಿಂಗಳು ತುಂಬೋವರೆಗೆ ಕಾಯ್ತಾರೆ. ಕಚ್ಚೋ ಸ್ವಭಾವದ್ದನ್ನ, ಕಾಯಿಲೆ ಬಿದ್ದದ್ದನ್ನ ಆರಿಸಲ್ಲ. ಹೆಣ್ಣು 4 ದಿನಕ್ಕೊಮ್ಮೆ ಮಾತ್ರ ಬೆದೆಗೆ ಬರುತ್ತೆ, ಬೇರೆ ದಿನ ಗಂಡನ್ನ ಬಿಟ್ರೆ ಕಚ್ಚಿ ಹಾಕುತ್ತೆ. ಹಾಗಾಗಿ ಎದುರಿಗೇ ಕೂತು ನೋಡ್ತಾರೆ, ಮುಗಿದ ತಕ್ಷಣ ಬೇರೆ ಮಾಡ್ತಾರೆ. ಮುಖ್ಯವಾಗಿ, ಮರಿ ಹುಟ್ಟೋ ಮೊದಲೇ ಪ್ರತಿ ಮರಿಗೂ ಮನೆ ಗೊತ್ತು ಮಾಡಿರ್ತಾರೆ. ಸಣ್ಣ ಪ್ರಾಣಿಗಳನ್ನ ನೋಡೋ ಪಶುವೈದ್ಯರು ಊರಲ್ಲಿ ಯಾರಿದ್ದಾರೆ ಅಂತ ವಿಚಾರಿಸಿರ್ತಾರೆ.

ಇಷ್ಟೂ ಆಗುತ್ತೆ ಅಂದ್ರೆ ನನ್ನ ತಕರಾರಿಲ್ಲ. ಒಂದಾದ್ರೂ ಆಗಲ್ಲ ಅಂದ್ರೆ ಬೇಡ.

(6/7) 📌 ಸೇವ್ ಮಾಡ್ಕೊಳ್ಳಿ
ಅಂಗಡಿಯಲ್ಲಿ ಗಂಡು ಹೆಣ್ಣು ಒಟ್ಟಿಗೇ ಇಟ್ಟಿರೋದ್ರಿಂದ ಎಷ್ಟೋ ಸಲ ಹ್ಯಾಮ್ಸ್ಟರ್ ಮನೆಗೆ ಬರುವಾಗಲೇ ಗರ್ಭಿಣಿ. ಅದು ನಿಮ್ಮ ತಪ್ಪಲ್ಲ. ಆದ್ರೆ ಮುಂದಿನದು ನಿಮ್ಮ ಕೈಯಲ್ಲಿದೆ.

🐹 ಹುಟ್ಟೋ ಮೊದಲು: ಗೂಡು ಒಮ್ಮೆ ಶುಚಿ ಮಾಡಿ, ಟಿಶ್ಯೂ ಧಾರಾಳವಾಗಿ ಕೊಡಿ. ಉಪ್ಪಿಲ್ಲದ ಬೇಯಿಸಿದ ಮೊಟ್ಟೆ ಚೂರು ಕೊಡಿ, ತಾಯಿಗೆ ಪ್ರೋಟೀನ್ ಬೇಕು.
🐹 ಹುಟ್ಟಿದ ಮೇಲೆ ಎರಡು ವಾರ: ಮುಟ್ಟಬೇಡಿ. ಗೂಡು ಶುಚಿ ಮಾಡಬೇಡಿ. ಫ್ಲ್ಯಾಶ್ ಹಾಕಿ ಫೋಟೋ ಬೇಡ, ಪಕ್ಕದ ಮನೆ ಮಕ್ಕಳ ದಂಡೂ ಬೇಡ. ಆಹಾರ, ನೀರು ಇಟ್ಟು ಸದ್ದಿಲ್ಲದೆ ಬನ್ನಿ. ಅಲೆಪ್ಪೊದ ತಾಯಿ ನೆನಪಿದೆ ಅಲ್ವಾ?
🐹 7ರಿಂದ 10 ದಿನಕ್ಕೆ: ಕಣ್ಣು ಬಿಡೋ ಮೊದಲೇ ಮರಿಗಳು ಗಟ್ಟಿ ಆಹಾರ ಕಡಿಯೋಕೆ ಶುರು ಮಾಡ್ತವೆ. ನೀರಿನ ಬಾಟಲಿ ಅವುಗಳಿಗೆ ಎಟುಕೋ ಹಾಗಿರಲಿ.
🐹 4 ವಾರ ತುಂಬೋದ್ರೊಳಗೆ: ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ. ಬಾಲದ ಕೆಳಗಿನ ಎರಡು ರಂಧ್ರಗಳ ನಡುವಿನ ಅಂತರ ಗಂಡಿನಲ್ಲಿ ಹೆಚ್ಚು, ಹೆಣ್ಣಿನಲ್ಲಿ ಕಡಿಮೆ. ಅನುಮಾನ ಇದ್ರೆ ವೈದ್ಯರಿಗೆ ತೋರಿಸಿ, ಅಂದಾಜಿನ ಮೇಲೆ ಬಿಡಬೇಡಿ.
🐹 6ರಿಂದ 8 ವಾರಕ್ಕೆ: ಒಂದೊಂದಕ್ಕೂ ಒಂದೊಂದು ಗೂಡು. ಜಗಳ ಮೊದಲೇ ಶುರುವಾದ್ರೆ ಅವತ್ತೇ.

ಪಾರ್ಕ್‌ನಲ್ಲಿ ಬಿಟ್ಟು ಬರೋದು "ಸ್ವಾತಂತ್ರ್ಯ" ಅಲ್ಲ. ಕಾಗೆ, ಬೆಕ್ಕಿನ ಬಾಯಿಗೆ ಕೊಟ್ಟಂಗೆ.

(7/7)
ಕೊನೆಗೆ, ಕಾಮೆಂಟ್‌ನಲ್ಲಿ ಬರೋ ಮಾತುಗಳಿಗೆ ಈಗಲೇ ಉತ್ತರ.

"ಒಂದ್ಸಲ ತಾಯಿ ಆದ್ರೆ ಅದರ ಆರೋಗ್ಯಕ್ಕೆ ಒಳ್ಳೇದು." ಇಲ್ಲ. ಎರಡು ಮೂರು ವರ್ಷ ಬದುಕೋ ಜೀವಕ್ಕೆ ಹೆರಿಗೆ ದೊಡ್ಡ ಹೊರೆ, ಔಷಧಿ ಅಲ್ಲ.

"ಮಾರಿ ಪಾಕೆಟ್ ಮನಿ ಮಾಡ್ಕೋತೀನಿ." 2018ರ ಪೆಟ್ ಶಾಪ್ ನಿಯಮಗಳಲ್ಲಿ ಹ್ಯಾಮ್ಸ್ಟರ್ ಹೆಸರೂ ಇದೆ. ಸಾಕುಪ್ರಾಣಿ ಮಾರೋ ವ್ಯಾಪಾರಕ್ಕೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಅದನ್ನ ಬಿಟ್ರೂ, ಸರಿಯಾದ 8 ಗೂಡಿಗೆ ಹಾಕಿದ ದುಡ್ಡು ಮರಿ ಮಾರಿ ವಾಪಸ್ ಬರಲ್ಲ. ಬರುತ್ತೆ ಅಂದ್ರೆ ಗೂಡು ಸರಿ ಇಲ್ಲ ಅಂತ ಅರ್ಥ.

"ಫ್ರೆಂಡ್ಸ್ ಎಲ್ಲರೂ ತಗೋತಾರೆ." ತಗೋತಾರಾ, ಇಲ್ಲಾ ಸ್ಟೋರಿಗೆ ಹಾರ್ಟ್ ಹಾಕ್ತಾರಾ? ವ್ಯತ್ಯಾಸ ಇದೆ. ಹೆಸರು ಬರೆದು, ಅವರ ಮನೆಯವರನ್ನ ಕೇಳಿ, ಗೂಡು ತಂದಿಟ್ಟ ಫೋಟೋ ಕಳಿಸು ಅನ್ನಿ. ಎಷ್ಟು ಫೋಟೋ ಬರ್ತವೋ ಅಷ್ಟೇ ನಿಮ್ಮ ಹತ್ರ ಇರೋ ಮನೆಗಳು.

ಇನ್ನೊಂದು ವಿಷಯ. ಕಾಡಿನ ಸಿರಿಯನ್ ಹ್ಯಾಮ್ಸ್ಟರ್ ಇವತ್ತು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ತವರಲ್ಲಿ ಅದು ಹೊಲಗಳಲ್ಲಿ ಬದುಕುತ್ತೆ, ರೈತರು ಪೀಡೆ ಅಂತ ಕೊಲ್ತಾರೆ. ನಾವು ಮನೇಲಿ ಮರಿ ಮಾಡಿಸಿದ್ರೆ ಅಲ್ಲಿ ಒಂದೂ ಹೆಚ್ಚಾಗಲ್ಲ. ಹಾಗಾಗಿ "ಜಾತಿ ಉಳಿಸ್ತಿದೀನಿ" ಅನ್ನೋ ನೆಪವೂ ಬೇಡ.

ಈಗಾಗಲೇ ಮನೇಲಿರೋ ಒಂದಕ್ಕೆ ಇನ್ನೂ 10 ಸೆಂ.ಮೀ. ಹಾಸು ಹೆಚ್ಚು ಹಾಕಿ, ಚಕ್ರ ದೊಡ್ಡದು ತನ್ನಿ. ಮರಿ ನೋಡ್ಬೇಕು ಅನ್ನೋ ಆಸೆ ತಡೆಯೋಕೆ ಆಗ್ತಿಲ್ಲ ಅಂದ್ರೆ, ಬೇಡವಾಗಿ ಬಿಟ್ಟ ಹ್ಯಾಮ್ಸ್ಟರ್ ಒಂದನ್ನ ದತ್ತು ತಗೊಳ್ಳಿ. ಬೇರೆ ಗೂಡಲ್ಲಿ, ಮರೀಬೇಡಿ.

ನಿಮ್ಮನೇಲಿ ಈಗ ಗೂಡಿನ ಅಳತೆ ಎಷ್ಟು? ಟೇಪ್ ಹಿಡಿದು ಅಳೆದು ಕಾಮೆಂಟ್ ಮಾಡಿ. ಚಿಕ್ಕದಿದ್ರೆ ನಾಚಿಕೆ ಬೇಡ, ಹೇಗೆ ದೊಡ್ಡದು ಮಾಡೋದು ಅಂತ ಒಟ್ಟಿಗೇ ನೋಡೋಣ. ಜೋಡಿ ಹುಡುಕ್ತಿರೋ ಆ ಫ್ರೆಂಡ್‌ಗೆ ಈ ಸರಣಿ ಶೇರ್ ಮಾಡಿ 🙏

#ಹ್ಯಾಮ್ಸ್ಟರ್ #ಸಿರಿಯನ್‌ಹ್ಯಾಮ್ಸ್ಟರ್ #ಮೊದಲುಮನೆ #ಕನ್ನಡದಲ್ಲಿಪೆಟ್ಸ್